ಹಳೆಯ ಡೀಸೆಲ್ ಎಂಜಿನ್ನಿನ ಒಳ ಒತ್ತಡ ಮತ್ತು ಎಣ್ಣೆ ಸೋರಿಕೆ

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಇಂದು ನಮ್ಮ ನಾಡಿನ ಬಾವಿಗಳಲ್ಲಿ, ಕೊಳವೆಬಾವಿಗಳಲ್ಲಿ ವಿದ್ಯುತ್ ಪಂಪುಗಳೇ ಹೆಚ್ಚು. ಆದರೂ ಡೀಸೆಲ್ ಎಂಜಿನ್ನಿನ ಕಾಲ ಮುಗಿದಿಲ್ಲ. ನದಿ, ಹಳ್ಳಗಳಿಂದ ನೀರೆತ್ತುವವರಲ್ಲಿ ಅನೇಕರು, ಕರೆಂಟು ಕೈಕೊಟ್ಟಾಗ ಪೈರು ಉಳಿಸಿಕೊಳ್ಳಬೇಕಾದವರು, ಲೈನು ಇನ್ನೂ ಮುಟ್ಟದ ಹೊಲದವರು ಇವತ್ತಿಗೂ ಇದನ್ನು ನಂಬಿದ್ದಾರೆ. ಇವುಗಳಲ್ಲಿ ಬಹಳಷ್ಟು ಎಂಜಿನ್ನುಗಳು ಇಪ್ಪತ್ತು, ಮೂವತ್ತು ವರ್ಷ ದುಡಿದವು. ಕೆಲವನ್ನು ಅಪ್ಪ ಕೊಂಡದ್ದು, ಮಗ ನಡೆಸುತ್ತಿರುವುದು. ಹಳೆಯ ಟ್ರ್ಯಾಕ್ಟರುಗಳ ಮಾತೂ ಹೀಗೆಯೇ.

ಹಳೆಯ ಎಂಜಿನ್ನಿನ ಮೇಲೆ ನಾವು ಕೇಳುವ ದೂರುಗಳಲ್ಲಿ ಮುಖ್ಯವಾದದ್ದು ಒಂದು: "ಎಲ್ಲಾ ಕಡೆ ಎಣ್ಣೆ ಸೋರುತ್ತದೆ. ಸೀಲು ಹಾಕಿಸಿದೆ, ಪ್ಯಾಕಿಂಗ್ ಹಾಕಿಸಿದೆ, ಹದಿನೈದು ದಿನಕ್ಕೆ ಮತ್ತೆ ಸೋರಿತು." ಹೀಗೆ ಹೇಳುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಸೀಲಿನ ಬಗ್ಗೆ ಅಲ್ಲ. "ಎಂಜಿನ್ನಿನ ಬ್ರೀದರ್ ಬಿಚ್ಚಿ ನೋಡಿದ್ದೀರಾ?" ಎಂದು ಕೇಳುತ್ತೇನೆ. ಬಹಳ ಮಂದಿ, "ಅದು ಎಲ್ಲಿರುತ್ತದೆ?" ಎನ್ನುತ್ತಾರೆ. ಇಂದಿನ ಮಾತು ಅಲ್ಲಿಂದಲೇ ಪ್ರಾರಂಭವಾಗಬೇಕು.

ಒಳಗೆ ಒತ್ತಡ ಏಕೆ ಹುಟ್ಟುತ್ತದೆ?

ಎಂಜಿನ್ನಿನ ಕೆಳಭಾಗದಲ್ಲಿ ಕ್ರ್ಯಾಂಕ್ ತಿರುಗುವ, ಕೀಲೆಣ್ಣೆ ತುಂಬಿರುವ ಪೆಟ್ಟಿಗೆಯೇ ಕ್ರ್ಯಾಂಕ್ ಕೇಸ್. ಅದರ ಬಾಗಿಲು, ಮುಚ್ಚಳಗಳಿಗೆ ಗ್ಯಾಸ್ಕೆಟ್ ಇರುತ್ತದೆ. ಕ್ರ್ಯಾಂಕಿನ ದಂಡ ಹೊರಬರುವ ತುದಿಗಳಲ್ಲಿ ಆಯಿಲ್ ಸೀಲ್ ಇರುತ್ತದೆ. ಈ ಗ್ಯಾಸ್ಕೆಟ್ಟುಗಳನ್ನೂ ಸೀಲುಗಳನ್ನೂ ಮಾಡಿರುವುದು ಒಳಗೆ ಸಿಡಿಯುವ ಎಣ್ಣೆ ಹೊರಬಾರದಂತೆ ತಡೆಯಲು. ಒಳಗಿನಿಂದ ಒತ್ತುವ ಗಾಳಿಯನ್ನು ತಡೆದು ನಿಲ್ಲಿಸಲು ಅಲ್ಲ. ಒಳಗೆ ಒತ್ತಡ ಸ್ವಲ್ಪ ಏರಿದರೂ ಸಾಕು, ಗಾಳಿ ದಾರಿ ಹುಡುಕುತ್ತದೆ. ಹೋಗುವಾಗ ಎಣ್ಣೆಯನ್ನೂ ಜೊತೆಗೆ ಒಯ್ಯುತ್ತದೆ.

ಈ ಒತ್ತಡಕ್ಕೆ ಮುಖ್ಯವಾಗಿ ಎರಡು ಮೂಲಗಳಿವೆ.

ಮೊದಲನೆಯದು ಪಿಸ್ಟನ್ನಿನ ಓಡಾಟ. ನಮ್ಮಲ್ಲಿ ಬಹಳ ಪರಿಚಿತವಾದ 5 ಅಶ್ವಶಕ್ತಿಯ ಕಿರ್ಲೋಸ್ಕರ್ ಎವಿ-1 ಎಂಜಿನ್ನನ್ನೇ ತೆಗೆದುಕೊಳ್ಳಿ. ಅದರ ಸಿಲಿಂಡರಿನ ವ್ಯಾಸ 80 ಮಿ.ಮೀ., ಪಿಸ್ಟನ್ ಓಡುವ ದೂರ 110 ಮಿ.ಮೀ. ಅಂದರೆ ಪಿಸ್ಟನ್ ಒಮ್ಮೆ ಕೆಳಗಿಳಿದರೆ ತನ್ನ ಕೆಳಗಿನ 553 ಘನ ಸೆಂ.ಮೀ. ಜಾಗವನ್ನು, ಎಂದರೆ ಅರ್ಧ ಲೀಟರಿಗೂ ಹೆಚ್ಚು ಗಾಳಿಯನ್ನು ಒತ್ತುತ್ತದೆ. ನಿಮಿಷಕ್ಕೆ 1500 ಸುತ್ತಿನಲ್ಲಿ ಇದು ನಿಮಿಷಕ್ಕೆ 1500 ಸಲ ನಡೆಯುತ್ತದೆ. ನಾಲ್ಕು ಸಿಲಿಂಡರಿನ ಟ್ರ್ಯಾಕ್ಟರಿನಲ್ಲಿ ಎರಡು ಪಿಸ್ಟನ್ ಇಳಿಯುವಾಗ ಎರಡು ಏರುತ್ತವೆ; ಲೆಕ್ಕ ಸರಿಹೋಗುತ್ತದೆ. ಒಂದೇ ಸಿಲಿಂಡರಿನ ಎಂಜಿನ್ನಿಗೆ ಆ ಅನುಕೂಲವಿಲ್ಲ. ಆದ್ದರಿಂದಲೇ ಇಂಥ ಎಂಜಿನ್ನುಗಳ ಬ್ರೀದರಿನಲ್ಲಿ ಸಾಮಾನ್ಯವಾಗಿ ತೆಳು ಬಿಲ್ಲೆ ಅಥವಾ ಪಟ್ಟಿಯ ಒಂದು ಕವಾಟವಿರುತ್ತದೆ. ಪಿಸ್ಟನ್ ಇಳಿದಾಗ ಕವಾಟ ತೆರೆದು ಗಾಳಿ ಹೊರಗೆ ಹೋಗುತ್ತದೆ. ಪಿಸ್ಟನ್ ಏರಿದಾಗ ಅದು ಮುಚ್ಚಿಕೊಂಡು ಹೊರಗಿನ ಗಾಳಿಯನ್ನು ಒಳಗೆ ಬಿಡುವುದಿಲ್ಲ. ಕೆಲವೇ ಸುತ್ತಿನಲ್ಲಿ ಕ್ರ್ಯಾಂಕ್ ಕೇಸಿನ ಸರಾಸರಿ ಒತ್ತಡ ಹೊರಗಿನ ಗಾಳಿಗಿಂತ ತುಸು ಕಡಿಮೆಯಾಗಿ ನಿಲ್ಲುತ್ತದೆ. ಆಗ ಎಣ್ಣೆ ಹೊರಕ್ಕೆ ಒಸರುವುದಿಲ್ಲ. ನಿಧಾನವಾಗಿ ತಿರುಗುವ ಹಳೆಯ ಲಿಸ್ಟರ್ ಮಾದರಿಯ, ದೊಡ್ಡ ಗಾಲಿಯ ಎಂಜಿನ್ನುಗಳಲ್ಲಿಯೂ ಇದೇ ಉಪಾಯ.

ಎರಡನೆಯದು ರಿಂಗುಗಳ ಪಕ್ಕದಿಂದ ಇಳಿಯುವ ಹೊಗೆ. ಎವಿ-1 ಎಂಜಿನ್ನಿನಲ್ಲಿ ಗಾಳಿಯನ್ನು ಹದಿನಾರೂವರೆ ಪಾಲಿನಲ್ಲಿ ಒಂದು ಪಾಲಿಗೆ ಅದುಮಲಾಗುತ್ತದೆ. ಆಗ ಪ್ರತಿ ಚದರ ಸೆಂಟಿಮೀಟರಿನ ಮೇಲೆ 30 ಕಿಲೋಗ್ರಾಂಗೂ ಮೀರಿದ ಒತ್ತಡ ಏಳುತ್ತದೆ; ಡೀಸೆಲ್ ಉರಿದಾಗ ಅದು ಇನ್ನೂ ಹೆಚ್ಚುತ್ತದೆ. ಇಷ್ಟನ್ನೂ ತಡೆಯಬೇಕಾದವು ಕೆಲವೇ ಬೀಡಿನ ರಿಂಗುಗಳು. ಹೊಸ ಎಂಜಿನ್ನಿನಲ್ಲೂ ಸ್ವಲ್ಪ ಹೊಗೆ ಇಳಿದೇ ಇಳಿಯುತ್ತದೆ, ಅದು ದೋಷವಲ್ಲ. ರಿಂಗು ಸವೆದರೆ, ಮುರಿದರೆ, ಮಸಿ ಕಟ್ಟಿ ಗಾಡಿಯಲ್ಲೇ ಅಂಟಿಕೊಂಡರೆ, ಲೈನರ್ ಸವೆದು ಅಗಲವಾದರೆ, ಇಳಿಯುವ ಹೊಗೆ ಬ್ರೀದರಿನ ಶಕ್ತಿಯನ್ನು ಮೀರುತ್ತದೆ.

ಆದ್ದರಿಂದ ನಮ್ಮ ಮುಂದಿರುವ ಪ್ರಶ್ನೆ ಇಷ್ಟೇ: ಹೊರಗೆ ಹೋಗುವ ದಾರಿ ಕಟ್ಟಿದೆಯೇ, ಅಥವಾ ಒಳಗೆ ಬರುವ ಹೊಗೆ ಹೆಚ್ಚಿದೆಯೇ? ಮೊದಲನೆಯದಕ್ಕೆ ಖರ್ಚು ಒಂದು ಲೋಟ ಸೀಮೆಎಣ್ಣೆ ಅಥವಾ ಡೀಸೆಲ್. ಎರಡನೆಯದಕ್ಕೆ ಎಂಜಿನ್ ಬಿಚ್ಚಬೇಕು. ಇವೆರಡನ್ನೂ ಬೇರ್ಪಡಿಸಿ ತಿಳಿಯದೆ ಹಣ ಹಾಕುವುದು ಸಲ್ಲದು.

ಸೋರಿಕೆಯನ್ನು ಸಣ್ಣದೆಂದು ಬಿಡಬೇಡಿ

"ಸೋರಿದರೆ ಸೋರಲಿ, ಮೇಲೆ ಸುರಿದರಾಯಿತು" ಎನ್ನುವವರಿದ್ದಾರೆ. ಒಂದು ಲೆಕ್ಕ ಹಾಕಿ ನೋಡೋಣ. ಸುಮಾರು 20 ತೊಟ್ಟು ಎಣ್ಣೆ ಸೇರಿದರೆ ಒಂದು ಮಿಲಿಲೀಟರು. ಐದು ಸೆಕೆಂಡಿಗೊಂದು ತೊಟ್ಟು ಬಿದ್ದರೆ ಗಂಟೆಗೆ 720 ತೊಟ್ಟು, ಎಂದರೆ 36 ಮಿ.ಲೀ. ದಿನಕ್ಕೆ 8 ಗಂಟೆ ಓಡಿಸಿದರೆ 288 ಮಿ.ಲೀ. ಹತ್ತು ದಿನಕ್ಕೆ ಹತ್ತಿರ ಹತ್ತಿರ ಮೂರು ಲೀಟರು. ಮೂರು ನಾಲ್ಕು ಲೀಟರು ಮಾತ್ರ ಹಿಡಿಯುವ ಸಣ್ಣ ಎಂಜಿನ್ನಿನಲ್ಲಿ, ನೋಡದೆ ಬಿಟ್ಟರೆ, ಹತ್ತು ದಿನದಲ್ಲಿ ಎಣ್ಣೆಯೇ ಉಳಿಯುವುದಿಲ್ಲ. ಬೇರಿಂಗ್ ಸುಟ್ಟು ಕ್ರ್ಯಾಂಕ್ ಹಾಳಾಗುವುದು ಹೀಗೆಯೇ. ಅದೂ ಪೈರಿಗೆ ನೀರು ಬೇಕೇ ಬೇಕಾದ ವಾರದಲ್ಲಿ.

ಇನ್ನೊಂದು ಮಾತು. ಎಂಜಿನ್ ಬಾವಿಯ ದಡದಲ್ಲಿದ್ದರೆ ಸೋರಿದ ಎಣ್ಣೆ ಬಾವಿಗೇ ಇಳಿಯುತ್ತದೆ. ಆ ನೀರನ್ನೇ ದನ ಕುಡಿಯುತ್ತವೆ, ಕೆಲವೆಡೆ ಮನುಷ್ಯರೂ ಕುಡಿಯುತ್ತಾರೆ. ಎಂಜಿನ್ನಿನ ಕೆಳಗೆ ಒಂದು ತಗಡಿನ ತಟ್ಟೆ ಇಟ್ಟು ಒಳಗೆ ಮರಳು ಹರಡುವುದು ಇವತ್ತೇ ಮಾಡಬಹುದಾದ ಕೆಲಸ.

ಮೊದಲ ಹೆಜ್ಜೆ: ಎಣ್ಣೆ ಎಲ್ಲಿಂದ ಬರುತ್ತಿದೆ?

ಎಣ್ಣೆ ತೊಟ್ಟಿಕ್ಕುವ ಜಾಗವೇ ಸೋರುವ ಜಾಗವೆಂದು ತಿಳಿಯಬಾರದು. ಮೇಲೆ ರಾಕರ್ ಮುಚ್ಚಳದಲ್ಲಿ ಸೋರಿದ ಎಣ್ಣೆ ಮೈಮೇಲೆ ಇಳಿದು ಸಂಪಿನ ಅಂಚಿನಿಂದ ತೊಟ್ಟಿಕ್ಕುತ್ತದೆ. ಟ್ರ್ಯಾಕ್ಟರಿನಲ್ಲಿ ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ಹಾರಿಸುತ್ತದೆ. ಮುಂದಿನ ಸೋರಿಕೆ ಹಿಂದಿನ ಸೀಲಿನ ಮೇಲೆ ದೂರಾಗಿ ಬೀಳುತ್ತದೆ.

ಹೀಗೆ ಮಾಡಿ. ಎಂಜಿನ್ ತಣ್ಣಗಿರುವಾಗ ಹೊರಮೈಯನ್ನು ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಿ, ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಗಾಳಿ ಒಳಸೇದುವ ಬಾಯಿಗೆ ನೀರು, ಕೊಳೆ ಹೋಗದಂತೆ ಮುಚ್ಚಿ, ಕೆಲಸ ಮುಗಿದ ಮೇಲೆ ಆ ಬಟ್ಟೆಯನ್ನು ಮರೆಯದೆ ತೆಗೆಯಿರಿ. ಮೈ ಒಣಗಿದ ಮೇಲೆ ಗ್ಯಾಸ್ಕೆಟ್ ಅಂಚುಗಳಿಗೂ ಸೀಲಿನ ಕೆಳಭಾಗಕ್ಕೂ ಸೀಮೆಸುಣ್ಣದ ಪುಡಿ ಇಲ್ಲವೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ. ಎಂಜಿನ್ನನ್ನು ಪಂಪಿನ ಭಾರದಲ್ಲಿ ಕಾಲು ಗಂಟೆ ಓಡಿಸಿ ನಿಲ್ಲಿಸಿ. ಬಿಳಿಯ ಪುಡಿಯ ಮೇಲೆ ಮೊದಲು ಕಪ್ಪಾಗುವ, ಎಲ್ಲಕ್ಕಿಂತ ಮೇಲಿರುವ ಜಾಗವೇ ಮೂಲ. ಬೆಲ್ಟು, ಗಾಲಿ ತಿರುಗುತ್ತಿರುವಾಗ ಕೈ ಚಾಚಿ ನೋಡಬೇಡಿ. ಪಂಚೆ, ಟವೆಲು ಜೋತಾಡುತ್ತಿರಬಾರದು.

ಒಂದೇ ಕಡೆ ಕಪ್ಪಾದರೆ ಅದು ಆ ಗ್ಯಾಸ್ಕೆಟ್ಟಿನ ಅಥವಾ ಆ ಬೋಲ್ಟಿನ ದೋಷವಿರಬಹುದು. ರಾಕರ್ ಮುಚ್ಚಳ, ಬಾಗಿಲು, ಅಳತೆ ಕಡ್ಡಿಯ ರಂಧ್ರ, ಎರಡೂ ಕಡೆಯ ಸೀಲು ಹೀಗೆ ನಾಲ್ಕಾರು ಕಡೆ ಒಟ್ಟಿಗೆ ಒಸರಿದರೆ ಒಳಗಿನ ಒತ್ತಡವೇ ಕಾರಣವೆಂದು ಬಲವಾಗಿ ಅನುಮಾನಿಸಬೇಕು. ಅಳತೆ ಕಡ್ಡಿ ತಾನಾಗಿಯೇ ಮೇಲೆದ್ದು ಬರುತ್ತಿದ್ದರೆ ಅನುಮಾನವೇ ಬೇಡ.

ಎರಡನೆಯ ಹೆಜ್ಜೆ: ಎಣ್ಣೆಯ ಮಟ್ಟ ಮತ್ತು ಗುಣ

ಎಂಜಿನ್ ಸಮನಾದ ನೆಲದಲ್ಲಿರಲಿ. ನಿಲ್ಲಿಸಿ ಹತ್ತು ನಿಮಿಷವಾದ ಮೇಲೆ ಕಡ್ಡಿ ಒರೆಸಿ, ಇಳಿಸಿ, ನೋಡಿ. ಮೇಲಿನ ಗೆರೆಯನ್ನು ದಾಟಿ ಎಣ್ಣೆ ಇದ್ದರೆ ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದಂತೆ ಕಡೆಯುತ್ತದೆ. ನೊರೆ ಎದ್ದು ಬ್ರೀದರಿನಿಂದಲೂ ಸೀಲಿನಿಂದಲೂ ಹೊರಬೀಳುತ್ತದೆ. "ಒಂದಷ್ಟು ಹೆಚ್ಚೇ ಇರಲಿ" ಎಂದು ಸುರಿಯುವುದು ಒಳ್ಳೆಯದಲ್ಲ.

ನೀವು ಸುರಿಯದೆಯೇ ಮಟ್ಟ ಏರುತ್ತಿದ್ದರೆ ಇನ್ನೂ ಅಪಾಯ. ಏನೋ ಒಳಗೆ ಸೇರುತ್ತಿದೆ ಎಂದು ಅರ್ಥ. ಕಡ್ಡಿಯ ಎಣ್ಣೆಯನ್ನು ಮೂಸಿ ನೋಡಿ, ಬೆರಳುಗಳ ನಡುವೆ ಉಜ್ಜಿ ನೋಡಿ. ಡೀಸೆಲಿನ ವಾಸನೆಯಿದ್ದು ನೀರಿನಂತೆ ತೆಳ್ಳಗಾಗಿದ್ದರೆ ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು, ಇಲ್ಲವೆ ಡೀಸೆಲ್ ಪಂಪಿನಿಂದ ಸೋರಿ ಕೆಳಗಿಳಿಯುತ್ತಿರಬಹುದು. ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣವಾಗಿದ್ದರೆ ನೀರು ಸೇರಿದೆ: ಹೆಡ್ ಗ್ಯಾಸ್ಕೆಟ್ ಅಥವಾ ಲೈನರಿನ ಕೆಳಗಿನ ರಬ್ಬರ್ ರಿಂಗು ಹೋಗಿದೆ. ಇವೆರಡರಲ್ಲಿ ಯಾವುದೇ ಕಂಡರೂ ಎಂಜಿನ್ನನ್ನು ಮುಂದೆ ಓಡಿಸಬಾರದು. ಕಾರಣ ಸರಿಪಡಿಸಿ, ಎಣ್ಣೆ ಪೂರ್ತಿ ಬದಲಾಯಿಸಿದ ಮೇಲೆಯೇ ಮುಂದಿನ ಪರೀಕ್ಷೆ.

ಮೂರನೆಯ ಹೆಜ್ಜೆ: ಬ್ರೀದರ್

ಕ್ರ್ಯಾಂಕ್ ಕೇಸಿನ ಪಕ್ಕದಲ್ಲಿ, ಬಾಗಿಲಿನ ಮೇಲೆ ಅಥವಾ ರಾಕರ್ ಮುಚ್ಚಳದ ಮೇಲೆ ಒಂದು ಸಣ್ಣ ಡಬ್ಬಿ ಇಲ್ಲವೆ ಬಾಗಿದ ನಳಿಗೆ ಕಾಣುತ್ತದೆ. ಅದೇ ಬ್ರೀದರ್. ಅದನ್ನು ಕಟ್ಟಿಸುವ ವಸ್ತುಗಳು ಹಲವು: ಒಳಗಿನ ತಂತಿಯ ಜಾಲರಿಯಲ್ಲಿ ಕಟ್ಟಿದ ಜಿಡ್ಡು, ಹೊರಗೆ ಅಂಟಿದ ಕೆಮ್ಮಣ್ಣು, ಬಣ್ಣ ಬಳಿಯುವಾಗ ಮುಚ್ಚಿಹೋದ ರಂಧ್ರ. ಬೇಸಿಗೆಯಲ್ಲಿ ನಿಂತ ಎಂಜಿನ್ನಿನ ನಳಿಗೆಯೊಳಗೆ ಕಣಜದ ಹುಳು ಮಣ್ಣಿನ ಗೂಡು ಕಟ್ಟುವುದೂ ಉಂಟು. "ಎಣ್ಣೆ ಹೊಗೆ ಬರುತ್ತದೆ" ಎಂದು ಬಟ್ಟೆ ತುರುಕಿದ ಬ್ರೀದರುಗಳೂ ಸಿಗುತ್ತವೆ! ಹೊಗೆ ನಿಂತಿತು ಎಂದು ಸಂತೋಷಪಡುವಷ್ಟರಲ್ಲಿ ಸೀಲು ಹೊರಗೆ ಬಂದಿರುತ್ತದೆ.

ಬ್ರೀದರನ್ನು ಬಿಚ್ಚಿ, ಬಿಲ್ಲೆ ಯಾವ ಮಗ್ಗುಲಲ್ಲಿ ಕೂತಿತ್ತು ಎಂಬುದನ್ನು ಗುರುತಿಟ್ಟುಕೊಳ್ಳಿ. ಜಾಲರಿಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ ತೊಳೆದು ಒಣಗಿಸಿ. ಬಿಲ್ಲೆ ಸೊಟ್ಟಗಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಅಂಟಿಕೊಂಡಿದ್ದರೆ ಬದಲಾಯಿಸಿ. ಬ್ರೀದರಿನ ಒಳಬದಿಯಿಂದ ಬಾಯಲ್ಲಿ ಊದಿದರೆ ಗಾಳಿ ಸರಾಗವಾಗಿ ಹೋಗಬೇಕು. ಕವಾಟವುಳ್ಳ ಬ್ರೀದರಿನಲ್ಲಿ ಒಳಬದಿಯಿಂದ ಸೇದಿದರೆ ತಡೆಯಬೇಕು. ಬಿಲ್ಲೆಯನ್ನು ತಿರುಗುಮುರುಗಾಗಿ ಕೂಡಿಸಿದರೆ ಗಾಳಿ ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ಆಗ ಎಂಜಿನ್ ತನ್ನನ್ನು ತಾನೇ ಊದಿಕೊಳ್ಳುವ ಪಂಪಾಗುತ್ತದೆ.

ನದಿ ದಂಡೆಯ ಒಂದು ಹೊಲದಲ್ಲಿ ಗಾಲಿಯ ಕಡೆಯ ಸೀಲನ್ನು ಒಂದೇ ಹಂಗಾಮಿನಲ್ಲಿ ಮೂರು ಸಲ ಹಾಕಿಸಿದ್ದರು. ಪ್ರತಿ ಸಲವೂ ಭಾರದ ಗಾಲಿ ತೆಗೆಯಬೇಕು. ಎರಡು ದಿನ ನೀರಿಲ್ಲ. ನಾಲ್ಕನೆಯ ಸಲ ಬಿಚ್ಚುವ ಮುನ್ನ ಬ್ರೀದರ್ ತೆಗೆದು ನೋಡಿದಾಗ ನಳಿಗೆಯ ತುಂಬ ಒಣಮಣ್ಣು. ತಂತಿಯಿಂದ ಕೆದಕಿ, ತೊಳೆದು ಹಾಕಿದರು. ಮೂರನೆಯ ಸೀಲೇ ಉಳಿದುಕೊಂಡಿತು. ಸೀಲು ಮಾಡಿದವನದೂ ತಪ್ಪಿಲ್ಲ, ಹಾಕಿದ ಮಿಸ್ತ್ರಿಯದೂ ತಪ್ಪಿಲ್ಲ. ನೋಡುವ ಕ್ರಮ ಮಾತ್ರ ಹಿಂದುಮುಂದಾಗಿತ್ತು.

ನಾಲ್ಕನೆಯ ಹೆಜ್ಜೆ: ಒತ್ತಡವನ್ನು ಕಣ್ಣಿಂದ ನೋಡುವುದು

ಬ್ರೀದರ್ ಶುದ್ಧವಾದ ಮೇಲೆ ಎಂಜಿನ್ನನ್ನು ಓಡಿಸಿ ಬಿಸಿ ಮಾಡಿ. ನಿಧಾನ ವೇಗದಲ್ಲಿ ಎಣ್ಣೆ ಸುರಿಯುವ ಮುಚ್ಚಳವನ್ನು ಸಡಿಲಿಸಿ ನೋಡಿ. ಮುಖವನ್ನು ದೂರವಿಡಿ, ಬಿಸಿ ಎಣ್ಣೆ ಸಿಡಿಯುತ್ತದೆ. ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ಗಾಳಿ ಒಳಗೂ ಹೊರಗೂ ಬಡಿದಾಡುವುದು ಸಹಜ. ಆದರೆ ನೀಲಿಯ, ಕಮಟು ವಾಸನೆಯ ಹೊಗೆ ಬಿಡದೆ ನುಗ್ಗುತ್ತಿದ್ದರೆ, ಭಾರ ಕೊಟ್ಟಾಗ ಅದು ಹೆಚ್ಚಾಗುತ್ತಿದ್ದರೆ, ರಿಂಗುಗಳ ಪಕ್ಕದಿಂದ ಹೊಗೆ ಇಳಿಯುತ್ತಿದೆ. ಟ್ರ್ಯಾಕ್ಟರಿನಲ್ಲಿ ಮುಚ್ಚಳವನ್ನು ಕವುಚಿ ರಂಧ್ರದ ಮೇಲೆ ಸುಮ್ಮನೆ ಇಡಿ. ಸ್ವಲ್ಪ ಅಲುಗಿದರೆ ಚಿಂತೆಯಿಲ್ಲ. ಕುಣಿದು ಬಿದ್ದರೆ ಯೋಚಿಸಬೇಕು. ಎಂಜಿನ್ ವಿಪರೀತ ಕಾದು ನಿಂತಿದ್ದರೆ ಮಾತ್ರ ಕೂಡಲೇ ಮುಚ್ಚಳ ತೆಗೆಯಬೇಡಿ. ಒಳಗಿನ ಎಣ್ಣೆಯ ಆವಿಗೆ ಹೊಸ ಗಾಳಿ ಸೇರಿ ಹೊತ್ತಿಕೊಳ್ಳುವ ಅಪಾಯವಿದೆ. ಕಾಲು ಗಂಟೆಯಾದರೂ ಆರಲು ಬಿಡಿ.

ಇನ್ನೂ ಖಚಿತವಾಗಿ ತಿಳಿಯಬೇಕೆಂದರೆ ಒಂದು ಅಗ್ಗದ ಉಪಕರಣ ಮಾಡಿಕೊಳ್ಳಬಹುದು. ಎರಡು ಮೀಟರ್ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ನಳಿಗೆಯನ್ನು ಹಲಗೆಯ ಮೇಲೆ ಇಂಗ್ಲಿಷಿನ ಯು ಅಕ್ಷರದಂತೆ ಬಗ್ಗಿಸಿ ಕಟ್ಟಿ, ಅರ್ಧದಷ್ಟು ನೀರು ತುಂಬಿ. ಎರಡೂ ಕಡೆ ನೀರು ಸಮನಾಗಿ ನಿಲ್ಲುತ್ತದೆ. ಒಂದು ತುದಿಯನ್ನು ಅಳತೆ ಕಡ್ಡಿಯ ರಂಧ್ರಕ್ಕೆ ರಬ್ಬರ್ ಬಿರಡೆಯ ಮೂಲಕ ಗಾಳಿ ಸೋರದಂತೆ ಕೂಡಿಸಿ. ಇನ್ನೊಂದು ತುದಿ ತೆರೆದಿರಲಿ. ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ನೀರು ಕುಣಿಯುತ್ತದೆ. ಆದ್ದರಿಂದ ಬಿರಡೆಯಲ್ಲಿ ಖಾಲಿ ಬಾಲ್‌ಪೆನ್ ರೀಫಿಲ್ಲಿನಷ್ಟು ಸಣ್ಣ ತೂತು ಮಾತ್ರ ಇಡಿ. ಮೊದಲು ಎಂಜಿನ್ ಓಡಿಸಿ, ಆಮೇಲೆ ಬಿರಡೆ ಕೂಡಿಸಿ; ನಿಲ್ಲಿಸುವ ಮೊದಲು ಬಿರಡೆ ತೆಗೆಯಿರಿ. ನಳಿಗೆಯ ನೀರು ಎಂಜಿನ್ನಿನೊಳಗೆ ಸೇರಬಾರದು.

ಎರಡು ಕಡೆಯ ನೀರಿನ ಮಟ್ಟದಲ್ಲಿ ಒಂದು ಸೆಂ.ಮೀ. ವ್ಯತ್ಯಾಸವೆಂದರೆ ಪ್ರತಿ ಚದರ ಸೆಂ.ಮೀ.ಗೆ ಒಂದು ಗ್ರಾಂ ಒತ್ತಡ. ಕವಾಟವುಳ್ಳ ಬ್ರೀದರಿನ ಎಂಜಿನ್ ಆರೋಗ್ಯವಾಗಿದ್ದರೆ ನೀರು ಎಂಜಿನ್ನಿನ ಕಡೆಗೇ ತುಸು ಏರುತ್ತದೆ. ತೆರೆದ ಕಡೆಗೆ ಏರಿದರೆ ಒಳಗೆ ಒತ್ತಡವಿದೆ ಎಂದು ತಿಳಿಯಿರಿ. ಟ್ರ್ಯಾಕ್ಟರಿನಲ್ಲಿ ಬ್ರೀದರ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಅಳೆಯಿರಿ. ತೆಗೆದೊಡನೆ ನೀರು ಸಮವಾಗಿ, ಹೊಗೆಯೂ ತೆಳುವಾಗಿದ್ದರೆ ದೋಷ ಬ್ರೀದರಿನದು. ತೆಗೆದರೂ ಹೊಗೆ ನುಗ್ಗುತ್ತಿದ್ದರೆ ದೋಷ ಒಳಗಿದೆ. ಅಂಕಿಯನ್ನು ದಿನಾಂಕದೊಂದಿಗೆ ಬರೆದಿಡಿ. ಮುಂದಿನ ವರ್ಷ ಅದೇ ವೇಗದಲ್ಲಿ, ಅದೇ ಭಾರದಲ್ಲಿ ಅಳೆದಾಗ ಎಂಜಿನ್ ಎಷ್ಟು ಸವೆಯಿತು ಎಂಬುದು ನಿಮಗೇ ತಿಳಿಯುತ್ತದೆ.

ಐದನೆಯ ಹೆಜ್ಜೆ: ರಿಂಗೋ, ವಾಲ್ವೋ?

ಎಂಜಿನ್ ನಿಲ್ಲಿಸಿ, ಡೀಸೆಲ್ ಬಂದ್ ಮಾಡಿ. ಡಿಕಂಪ್ರೆಷನ್ ಲಿವರನ್ನು ಇಳಿಸಿ, ಹ್ಯಾಂಡಲ್ಲನ್ನು ನಿಧಾನವಾಗಿ ತಿರುಗಿಸಿ. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ, ಹಿಡಿಕೆಯನ್ನು ಸುತ್ತಬಾರದು. ಒದ್ದರೆ ಮುರಿಯುವುದು ಹೆಬ್ಬೆರಳು. ಒಳ್ಳೆಯ ಎಂಜಿನ್ ಸ್ಪ್ರಿಂಗಿನಂತೆ ಎದುರು ಒತ್ತಿ ಹಿಂದಕ್ಕೆ ತಳ್ಳುತ್ತದೆ. ತಡೆ ಬಂದು ತಕ್ಷಣ ಮೆತ್ತಗಾದರೆ ಗಾಳಿ ಎಲ್ಲೋ ಹೋಗುತ್ತಿದೆ. ಜೊತೆಗಾರನೊಬ್ಬ ಕಿವಿಗೊಟ್ಟು ಕೇಳಲಿ. ಏರ್ ಕ್ಲೀನರಿನಲ್ಲಿ "ಸುಸ್" ಎಂದರೆ ಗಾಳಿ ಸೇದುವ ವಾಲ್ವ್. ಸೈಲೆನ್ಸರಿನಲ್ಲಿ ಕೇಳಿದರೆ ಹೊಗೆಯ ವಾಲ್ವ್. ಎಣ್ಣೆ ಸುರಿಯುವ ಬಾಯಲ್ಲಿ ಕೇಳಿದರೆ ರಿಂಗು. ನೀರಿನ ತೊಟ್ಟಿಯಲ್ಲಿ ಅಥವಾ ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಇದನ್ನು ಖಚಿತಪಡಿಸಲು ಇಂಜೆಕ್ಟರ್ ಬಿಚ್ಚಿ, ಆ ರಂಧ್ರದಲ್ಲಿ ಒಂದೇ ಒಂದು ಟೀ ಚಮಚ ಕೀಲೆಣ್ಣೆ ಬಿಡಿ. ಹೆಚ್ಚು ಬೇಡ. ಎವಿ-1 ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ನಿಂತಾಗ ಉಳಿಯುವ ಜಾಗ ಸುಮಾರು 36 ಘನ ಸೆಂ.ಮೀ. ಮಾತ್ರ. ಎಣ್ಣೆ ಅದುಮಿದರೆ ಕುಗ್ಗುವುದಿಲ್ಲ. ಹೆಚ್ಚು ಸುರಿದು ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಜೆಕ್ಟರ್ ಹಾಕುವ ಮುನ್ನ ನಾಲ್ಕಾರು ಸುತ್ತು ತಿರುಗಿಸಿ, ಆಮೇಲೆ ಇಂಜೆಕ್ಟರ್ ಕೂಡಿಸಿ ಮತ್ತೆ ಹ್ಯಾಂಡಲ್ ಪರೀಕ್ಷೆ ಮಾಡಿ. ತಡೆ ಚೆನ್ನಾಗಿ ಹೆಚ್ಚಿದರೆ ರಿಂಗು, ಲೈನರ್ ಸವೆದಿವೆ. ಎಣ್ಣೆ ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿತು. ತಡೆ ಹೆಚ್ಚದಿದ್ದರೆ ದೋಷ ವಾಲ್ವ್ ಅಥವಾ ಗ್ಯಾಸ್ಕೆಟ್ಟಿನಲ್ಲಿದೆ. ರಾಕರ್ ಮುಚ್ಚಳದಲ್ಲೇ ಹೊಗೆ ಹೆಚ್ಚಾಗಿದ್ದರೆ ಹೊಗೆಯ ವಾಲ್ವಿನ ಗೈಡನ್ನೂ ನೋಡಬೇಕು.

ಬಿಚ್ಚಿದ ಮೇಲೆ ನೋಡಬೇಕಾದ್ದು

ಇನ್ನು ಬಿಚ್ಚಲೇಬೇಕು ಎಂದಾದಾಗ ನಿಮ್ಮ ಎದುರಿನಲ್ಲೇ ಬಿಚ್ಚಿಸಿ. ರಿಂಗುಗಳು ಗಾಡಿಯಲ್ಲಿ ಅಂಟಿದ್ದು, ಲೈನರ್ ಚೆನ್ನಾಗಿದ್ದರೆ ಪುಣ್ಯ. ಮಸಿ ತೆಗೆದು ರಿಂಗು ಬದಲಾಯಿಸಿದರೆ ಸಾಕಾದೀತು. ಲೈನರಿನ ಮೇಲ್ತುದಿಯಲ್ಲಿ, ರಿಂಗು ತಲುಪುವ ಕೊನೆಯಲ್ಲಿ, ಉಗುರಿಗೆ ತಾಗುವ ಮೆಟ್ಟಿಲು ಬಿದ್ದಿದ್ದರೆ ಲೈನರ್ ಸವೆದಿದೆ. ಅಂಥ ಲೈನರಿಗೆ ಹೊಸ ರಿಂಗು ಹಾಕಿದರೆ ರಿಂಗು ಆ ಮೆಟ್ಟಿಲಿಗೆ ಬಡಿದು ಮುರಿಯುತ್ತದೆ. ಮುರಿಯದಿದ್ದರೂ ಒಂದು ಹಂಗಾಮಿಗೆ ಮತ್ತೆ ಹೊಗೆ.

ಹೊಸ ರಿಂಗನ್ನು ಪಿಸ್ಟನ್ನಿಗೆ ಹಾಕುವ ಮೊದಲು ಲೈನರಿನೊಳಗೆ ಸಮನಾಗಿ ಇಳಿಸಿ, ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಪ್ರತಿ 100 ಮಿ.ಮೀ. ವ್ಯಾಸಕ್ಕೆ ಸುಮಾರು 0.3ರಿಂದ 0.4 ಮಿ.ಮೀ. ಎಂಬುದು ಕಾರ್ಖಾನೆಗಳ ಸಾಮಾನ್ಯ ಲೆಕ್ಕ. 80 ಮಿ.ಮೀ. ಲೈನರಿಗೆ ಅದು ಕಾಲು ಮಿ.ಮೀ.ಗೆ ಸ್ವಲ್ಪ ಹೆಚ್ಚು ಕಡಿಮೆ. ನಿಮ್ಮ ಎಂಜಿನ್ನಿನ ಪುಸ್ತಕದಲ್ಲಿ ಬೇರೆ ಅಂಕಿಯಿದ್ದರೆ ಅದೇ ಸರಿ. ಹಳೆಯ ಲೈನರಿನಲ್ಲಿ ಈ ಸಂದು ಮೇಲ್ಭಾಗದಲ್ಲಿ ಹೆಚ್ಚು, ಸವೆಯದ ಕೆಳಭಾಗದಲ್ಲಿ ಕಡಿಮೆ ಇರುತ್ತದೆ. ಎರಡೂ ಕಡೆ ಅಳೆದರೆ ಸವೆತ ಎಷ್ಟೆಂದು ಗೊತ್ತಾಗುತ್ತದೆ. ಸಂದು ಹೆಚ್ಚಾದದ್ದನ್ನು 3.14ರಿಂದ ಭಾಗಿಸಿದರೆ ವ್ಯಾಸದ ಸವೆತ. ಮೇಲೆ 0.9, ಕೆಳಗೆ 0.3 ಬಂದರೆ ವ್ಯತ್ಯಾಸ 0.6, ವ್ಯಾಸ ಸುಮಾರು 0.19 ಮಿ.ಮೀ. ಸವೆದಿದೆ. ಈ ಅಂಕಿಯನ್ನು ಪುಸ್ತಕದ ಮಿತಿಯೊಂದಿಗೆ ಹೋಲಿಸಿ ಲೈನರ್ ಬದಲಾಯಿಸಬೇಕೇ ಬೇಡವೇ ತೀರ್ಮಾನಿಸಿ. ರಿಂಗುಗಳ ಬಾಯಿಗಳು ಒಂದೇ ಸಾಲಿನಲ್ಲಿ ಬರದಂತೆ, ಮೇಲ್ಮುಖದ ಗುರುತಿದ್ದರೆ ಅದು ಮೇಲಕ್ಕೇ ಬರುವಂತೆ ಹಾಕಿಸಿ.

ಸೀಲು, ಗ್ಯಾಸ್ಕೆಟ್ಟುಗಳನ್ನು ಹಾಕುವುದು ಕೊನೆಯ ಕೆಲಸ. ದಂಡದ ಮೇಲೆ ಸೀಲು ಉಜ್ಜಿ ಗಾಡಿ ಬಿದ್ದಿದೆಯೇ ಎಂದು ಬೆರಳಿನಿಂದ ಸವರಿ ನೋಡಿ. ಗಾಡಿ ಬಿದ್ದ ದಂಡದ ಮೇಲೆ ಎಂಥ ಸೀಲೂ ನಿಲ್ಲದು. ಮುಖ್ಯ ಬೇರಿಂಗ್ ಸವೆದು ದಂಡ ಅಲುಗುತ್ತಿದ್ದರೂ ಹಾಗೆಯೇ. ತಗಡಿನ ಮುಚ್ಚಳಗಳ ಬೋಲ್ಟುಗಳನ್ನು ಬಲವಾಗಿ ಬಿಗಿದರೆ ತಗಡು ಬಾಗಿ ಬೋಲ್ಟುಗಳ ನಡುವೆ ಸಂದು ಬೀಳುತ್ತದೆ. ಎಣ್ಣೆ ಇಳಿಸುವ ಬಿರಡೆಯ ತಾಮ್ರದ ವಾಷರನ್ನು ಮರೆಯಬೇಡಿ. ಸೋರಿಕೆ ನಿಲ್ಲಲೆಂದು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಗಟ್ಟಿ ಎಣ್ಣೆ ಹಾಕುವುದು ರೋಗವನ್ನು ಮುಚ್ಚಿಡುವುದೇ ಹೊರತು ಚಿಕಿತ್ಸೆಯಲ್ಲ.

ರಿಪೇರಿಯ ಅಂದಾಜು ಮಾಡುವಾಗ ರಿಂಗಿನ ಬೆಲೆ ಒಂದನ್ನೇ ನೋಡಬೇಡಿ. ಲೈನರ್, ಪಿಸ್ಟನ್, ಬೇರಿಂಗ್, ಕೂಲಿ, ಎಂಜಿನ್ ನಿಂತ ದಿನಗಳ ನಷ್ಟ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆಯಿಸಿ, ಹೊಸ ಎಂಜಿನ್ನಿನ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಮನೆಯ ಹಣ ಹಾಕುವವರು ನೀವು. ತೀರ್ಮಾನವೂ ನಿಮ್ಮದೇ ಆಗಿರಲಿ.

ಮುಂದೆ ಹೀಗಾಗದಂತೆ

ರಿಂಗು, ಲೈನರಿನ ದೊಡ್ಡ ಶತ್ರು ಧೂಳು. ಒಕ್ಕಣೆಯ ಕಣದಲ್ಲಿ, ಬೇಸಿಗೆಯ ಹೊಲದಲ್ಲಿ ಏರ್ ಕ್ಲೀನರನ್ನು ದಿನವೂ ನೋಡಬೇಕು. ಎಣ್ಣೆಯ ಬಟ್ಟಲಿರುವ ಕ್ಲೀನರಿನಲ್ಲಿ ಕೆಸರು ಕೂತಿದ್ದರೆ ತೊಳೆದು ಗುರುತಿನವರೆಗೆ ಹೊಸ ಎಣ್ಣೆ ಹಾಕಿ. ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ನಳಿಗೆ ಬಿರುಕು ಬಿಟ್ಟಿದ್ದರೆ ಕ್ಲೀನರ್ ಇದ್ದೂ ಇಲ್ಲದಂತೆಯೇ.

ಎರಡನೆಯ ಶತ್ರು ಬಹಳ ಹೊತ್ತು ಭಾರವಿಲ್ಲದೆ ಓಡಿಸುವುದು. ಆಗ ಎಂಜಿನ್ ಸಾಕಷ್ಟು ಬಿಸಿಯಾಗದೆ ಮಸಿ ಕಟ್ಟುತ್ತದೆ, ಲೈನರ್ ಕನ್ನಡಿಯಂತೆ ನುಣುಪಾಗಿ ರಿಂಗು ಹಿಡಿತ ಕಳೆದುಕೊಳ್ಳುತ್ತದೆ, ಸೈಲೆನ್ಸರಿನಿಂದ ಕಪ್ಪು ಎಣ್ಣೆ ತೊಟ್ಟಿಕ್ಕುತ್ತದೆ. ಎಂಜಿನ್ನಿಗೆ ತಕ್ಕ ಪಂಪಿರಲಿ. ಮೂರನೆಯದು ಹಳೆಯ, ಕೊಳೆತ ಕೀಲೆಣ್ಣೆ. ಪುಸ್ತಕ ಹೇಳಿದ ಗಂಟೆಗಳಿಗೆ ಎಣ್ಣೆ ಬದಲಾಯಿಸಿ, ಅದೇ ದಿನ ಬ್ರೀದರನ್ನೂ ತೊಳೆಯುವ ಪದ್ಧತಿ ಇಟ್ಟುಕೊಳ್ಳಿ. ಇಳಿಸಿದ ಎಣ್ಣೆಯನ್ನು ನೆಲಕ್ಕಾಗಲಿ ನೀರಿಗಾಗಲಿ ಚೆಲ್ಲದೆ ಡಬ್ಬಿಯಲ್ಲಿ ತುಂಬಿಟ್ಟು ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಿ.

ಕೊನೆಯದಾಗಿ ಒಂದು ಎಚ್ಚರಿಕೆ. ತೀರ ಸವೆದ ಅಥವಾ ಎಣ್ಣೆ ಹೆಚ್ಚು ತುಂಬಿದ ಎಂಜಿನ್ ಕೆಲವೊಮ್ಮೆ ತನ್ನ ಕೀಲೆಣ್ಣೆಯನ್ನೇ ಸುಡುತ್ತಾ ವೇಗ ಹೆಚ್ಚಿಸಿಕೊಳ್ಳುತ್ತದೆ. ಆಗ ಡೀಸೆಲ್ ನಿಲ್ಲಿಸಿದರೂ ನಿಲ್ಲುವುದಿಲ್ಲ. ಗಾಳಿ ಸೇದುವ ಬಾಯಿಗೆ ಮರದ ಹಲಗೆಯನ್ನು ಬಲವಾಗಿ ಒತ್ತಿ ಗಾಳಿ ತಡೆಯಿರಿ, ಅಂಗೈ ಇಡಬೇಡಿ. ಗಾಲಿಯ ನೇರಕ್ಕೆ ನಿಲ್ಲಬೇಡಿ. ವೇಗ ಮಿತಿಮೀರಿ ಹತ್ತಿರ ಹೋಗಲು ಭಯವಾದರೆ ದೂರ ಸರಿಯಿರಿ. ಎಂಜಿನ್ ಹೋದರೆ ಇನ್ನೊಂದು ತರಬಹುದು. ಹಾಗೆಯೇ, ಮುಚ್ಚಿದ ಕೋಣೆಯಲ್ಲಿ ಅಥವಾ ಆಳದ ಬಾವಿಯೊಳಗೆ ಎಂಜಿನ್ ಓಡಿಸಿ ಪರೀಕ್ಷೆ ಮಾಡಬಾರದು. ಸೈಲೆನ್ಸರಿನ ಹೊಗೆಯಲ್ಲಿ ವಾಸನೆಯಿಲ್ಲದ ವಿಷಗಾಳಿಯೂ ಇರುತ್ತದೆ. ಅದು ಪ್ರಾಣ ತೆಗೆಯಬಲ್ಲದು.

ಬಾಂಧವರೇ, ಇಷ್ಟನ್ನು ನೆನಪಿಡಿ. ಮೊದಲು ಮೈ ತೊಳೆದು ಸೋರುವ ಜಾಗ ನೋಡಿ. ಆಮೇಲೆ ಎಣ್ಣೆಯ ಮಟ್ಟ, ಆಮೇಲೆ ಬ್ರೀದರ್, ಆಮೇಲೆ ಒತ್ತಡ, ಆಮೇಲೆ ಹ್ಯಾಂಡಲ್ ಮತ್ತು ಒಂದು ಚಮಚ ಎಣ್ಣೆಯ ಪರೀಕ್ಷೆ. ಇವೆಲ್ಲ ಆದ ಮೇಲೆಯೇ ಸ್ಪ್ಯಾನರ್ ಹಿಡಿದು ಎಂಜಿನ್ ಬಿಚ್ಚುವುದು. ಈ ಪರೀಕ್ಷೆಗಳಲ್ಲಿ ಹೆಚ್ಚಿನವನ್ನು ನೀವೇ ಒಂದು ಬೆಳಗಿನಲ್ಲಿ ಮುಗಿಸಬಹುದು. ಮುಗಿಸಿ ಮಿಸ್ತ್ರಿಯ ಬಳಿ ಹೋದರೆ "ಸೋರುತ್ತಿದೆ, ನೋಡಪ್ಪಾ" ಎನ್ನುವ ಬದಲು, "ಬ್ರೀದರ್ ಶುದ್ಧವಾಗಿದೆ, ಚಮಚ ಎಣ್ಣೆ ಹಾಕಿದರೆ ತಡೆ ಬರುತ್ತದೆ, ಲೈನರ್ ಅಳೆದು ಹೇಳು" ಎಂದು ಕೇಳುತ್ತೀರಿ. ಅವನ ಸಮಯವೂ ಉಳಿಯುತ್ತದೆ, ನಿಮ್ಮ ಹಣವೂ ಉಳಿಯುತ್ತದೆ, ಪೈರಿಗೆ ನೀರೂ ಸಕಾಲಕ್ಕೆ ಸಿಗುತ್ತದೆ.

ಮುಂಗಾರಿಗೆ ಮುಂಚೆ, ಎಂಜಿನ್ ಬಿಡುವಾಗಿರುವಾಗಲೇ ಈ ಪರೀಕ್ಷೆ ಮಾಡಿಕೊಳ್ಳಿ. ಸಂದೇಹ ಬಂದರೆ ನಿಮ್ಮ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.